ಹನ್ನೆರಡೂವರೆಗೆ ಬಂದ ಭಟ್ಟರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ವಾಗ್ಳೆ ಎಸ್ಟೇಟ್ ಎಂಬ ಮರಾಠಿ ಸೀಮೆಯ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ಕ್ಲಿನಿಕ್ಕಿನಲ್ಲಿ ಅದು ಹನ್ನೆರಡಕ್ಕೆ ಸರಿಯಾಗಿ ಏರುತ್ತದೆ. ಆಗ ಸುತ್ತಲಿನ ಕಾರ್ಖಾನೆಗಳಿಗೆ ಊಟದ ಬಿಡುವು. ಆ ಒಂದು ಬಿಡುವಿನಲ್ಲೇ ಇಪ್ಪತ್ತು ಮಂದಿಗೆ ಕೆಮ್ಮಿನ ಔಷಧಿ, ಸೊಂಟನೋವಿನ ಗುಳಿಗೆ, ರಜೆಯ ಸರ್ಟಿಫಿಕೇಟು ಎಲ್ಲ ಬೇಕು. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಅವರ ಪುಣ್ಯ. ಅವರು ಮಾತು ಮುಗಿಸುವ ಮೊದಲೇ ನನ್ನ ಪೆನ್ನು ಚೀಟಿಯ ಮೇಲೆ ಓಡಿರುತ್ತದೆ. ಸಾಮಾನ್ಯವಾಗಿ ಸರಿಯಾಗಿಯೇ ಓಡುತ್ತದೆ, ತೊಂದರೆ ಇರುವುದೇ ಅಲ್ಲಿ.

ಅಂಥ ಒಂದು ದಿನ ಪಕ್ಕದ ಗಲ್ಲಿಯ ಉಡುಪಿ ಹೋಟೆಲಿನ ಅಡುಗೆ ಭಟ್ಟರು ಒಳಗೆ ಬಂದರು.

"ಗ್ಯಾಸ್ ಡಾಕ್ಟ್ರೇ. ಒಂದು ಗುಳಿಗೆ ಕೊಟ್ರೆ ಸಾಕು, ಬೇಗ ಹೋಗ್ಬೇಕು."

ಹೋಟೆಲಿನವರಿಗೆಲ್ಲ ಗ್ಯಾಸೇ. ಊರಿಗೆಲ್ಲ ಬಡಿಸಿ ತಾವು ಹೊತ್ತಲ್ಲದ ಹೊತ್ತಿಗೆ ಉಂಡರೆ ಇನ್ನೇನಾಗುತ್ತದೆ? ಗುಳಿಗೆಯ ಹೆಸರು ಬರೆದು ಚೀಟಿ ಹರಿದೂ ಆಗಿತ್ತು. ಹೊರಗಿನಿಂದ ಯಾರೋ "ಅಜೂನ್ ಕಿತಿ ವೇಳ್, ಮ್ಯಾಡಮ್?" ಎಂದು ಕೂಗಿದರು. ಇನ್ನೆಷ್ಟು ಹೊತ್ತು ಅಂತ ನನ್ನನ್ನೇ ಕೇಳುತ್ತಾರಲ್ಲ ಎಂದು ಸಿಡುಕಿ ಗೋಡೆಯ ಗಡಿಯಾರ ನೋಡಿದೆ. ಹನ್ನೆರಡೂವರೆ.

ಆ ಹೊತ್ತಿಗೆ ಅವರ ಹೋಟೆಲಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಭಟ್ಟರು ಆಗ ಒಲೆ ಬಿಟ್ಟು ಬಂದದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡೇ ಇರಲಿಲ್ಲ. ಕೈ ಸುಟ್ಟುಕೊಂಡಾಗಲೂ ಬಟ್ಟೆ ಸುತ್ತಿಕೊಂಡು, ಊಟದ ಗಿರಾಕಿಗಳೆಲ್ಲ ಹೋದ ಮೇಲೆ ಬಂದವರು.

"ಊಟದ ಟೈಮಿನಾಗ ಒಲಿ ಬಿಟ್ಟು ಯಾಕ ಬಂದ್ರಿ?" ಗಾಬರಿಯಾದರೆ ನನ್ನ ಧಾರವಾಡ ತಾನಾಗಿ ಹೊರಬೀಳುತ್ತದೆ.

ಅವರು ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. "ಸಾಂಬಾರಿನ ಪಾತ್ರೆ ಎತ್ಲಿಕ್ಕೆ ಆಗ್ಲಿಲ್ಲ. ಎಡಗೈ ಸೋತ ಹಾಗೆ ಆಯ್ತು."

ಕೂಡಲೇ ಅವರನ್ನು ಮಂಚದ ಮೇಲೆ ಮಲಗಿಸಿದೆ. ಇಸಿಜಿ ತೆಗೆದೆ. ಹೃದಯಾಘಾತವೇ. ಆಸ್ಪಿರಿನ್ ಅಗಿಯಲು ಕೊಟ್ಟು, ಆಂಬುಲೆನ್ಸ್ ಕರೆಸಿ, ಅವರ ಜೊತೆಗೇ ದೊಡ್ಡಾಸ್ಪತ್ರೆಗೆ ಹೋದೆ. ಕಾದು ಕೂತವರು ಬಾಯಿಗೆ ಬಂದಂತೆ ಬೈದರು. ದಾರಿಯುದ್ದಕ್ಕೂ ಆ ಗ್ಯಾಸಿನ ಚೀಟಿ ನನ್ನ ಮುಷ್ಟಿಯಲ್ಲೇ ಇತ್ತು. ಬಹಳ ನಾಚಿಕೆಯಾಯಿತು.

ಭಟ್ಟರು ಉಳಿದರು. ಅಂದಿನಿಂದ ಪೆನ್ನು ಹಿಡಿಯುವ ಮೊದಲು ಎಲ್ಲರನ್ನೂ ಒಂದು ಮಾತು ಕೇಳುತ್ತೇನೆ, ಯಾವ ಕೆಲಸ ಬಿಟ್ಟು ಬಂದಿರಿ ಎಂದು. ಹತ್ತು ಸೆಕೆಂಡಿನ ಪ್ರಶ್ನೆ. ಹೆಚ್ಚಿನವರು ನಗುತ್ತಾರೆ. ನನ್ನ ಸಿಟ್ಟೂ ಸ್ವಲ್ಪ ಇಳಿದಿದೆ, ಕೆಲಸ ಮತ್ತೆ ಹಿತವೆನಿಸುತ್ತಿದೆ.

ಹೋದ ವಾರ ಹನ್ನೆರಡೂವರೆಗೆ ನೋಡಿದರೆ ಬಾಗಿಲಲ್ಲಿ ಭಟ್ಟರು! ಬರೆಯುತ್ತಿದ್ದ ಚೀಟಿ ಬಿಟ್ಟು ಎದ್ದೆ. ಕೈ ಹಿಡಿದು ಕರೆದೊಯ್ದು ಮಂಚದ ಮೇಲೆ ಮಲಗಿಸಿದೆ.

"ಎಂತ ಇಲ್ಲ ಡಾಕ್ಟ್ರೇ! ಇವತ್ತು ನನಗೆ ರಜೆ. ಮನೆಯಲ್ಲಿ ಪತ್ರೊಡೆ ಮಾಡಿದ್ದು, ನಿಮ್ಗೆ ಕೊಡುವ ಅಂತ ಬಂದೆ."

ಡಬ್ಬಿ ಅವರ ಕೈಯಲ್ಲೇ ಇತ್ತು. ಆದರೂ ನಾನು ನಂಬಲಿಲ್ಲ, ಇಸಿಜಿಯ ತಂತಿ ಹಚ್ಚತೊಡಗಿದೆ.

"ಬಿಡಿ ಡಾಕ್ಟ್ರೇ, ಹೊರಗೆ ಅಷ್ಟು ಜನ ಕಾಯ್ತಾ ಇದ್ದಾರೆ."

"ಕಾಯ್ಲಿ ಬಿಡ್ರಿ," ಎಂದೆ.