ಯಂತ್ರ ಒಪ್ಪದ ಬೆರಳು

ಮಳವಳ್ಳಿ ಹತ್ತಿರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದಿತ್ತು. ಅಕ್ಕ ಮದುವೆಗೆ ಮುಂಚಿನಿಂದಲೂ ಅಲ್ಲೇ ದುಡಿದವಳು. ಕುದಿಯುವ ನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಬರಿಗೈಯಲ್ಲಿ ಹುಡುಕಿ ಎತ್ತುವುದು ಅವಳ ಕೆಲಸ. ಬೆರಳ ತುದಿಗಳು ಬೆಂದು ಬೆಂದು ನುಣ್ಣಗಾಗಿದ್ದವು. ನಾನು ಪಕ್ಕದ ತೊಟ್ಟಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ, ಹೊರದೇಶದ ರೇಷ್ಮೆ ಅಗ್ಗಕ್ಕೆ ಬಂದು ಕಾರ್ಖಾನೆ ಬಾಗಿಲು ಹಾಕಿತು. ಮಾರುಕಟ್ಟೆ ತೆರೆದರೆ ಎಲ್ಲರಿಗೂ ಒಳ್ಳೆಯದು ಎಂದು ಭಾಷಣ ಬಿಗಿದವರು ಒಬ್ಬರೂ ಆವತ್ತು ನಮ್ಮ ಗೇಟಿನ ಬಳಿ ಸುಳಿಯಲಿಲ್ಲ. ಸುಳಿದಿದ್ದರೆ ನನ್ನ ಬಾಯಿಗೆ ಸಿಕ್ಕುತ್ತಿದ್ದರು.

ಇಬ್ಬರೂ ಮದ್ದೂರಿನ ಗಾರ್ಮೆಂಟ್ಸಿಗೆ ಹೋದೆವು. ಗಂಡ ತೀರಿಕೊಂಡಿದ್ದ ಅಕ್ಕನಿಗೆ ಬೇರೆ ಗತಿಯಿರಲಿಲ್ಲ. ಪರೀಕ್ಷೆಯಲ್ಲಿ ಅವಳೇ ನನಗಿಂತ ಚೆನ್ನಾಗಿ ಹೊಲಿದಳು. ಆದರೆ ಗೇಟಿನ ಹಾಜರಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲೇ ಇಲ್ಲ. ಸೆರಗಿಗೆ ಒರೆಸಿ ಇಟ್ಟಳು, ಎಣ್ಣೆತಲೆಗೆ ಉಜ್ಜಿ ಇಟ್ಟಳು, ಉಳಿದ ಬೆರಳುಗಳನ್ನೂ ಇಟ್ಟಳು. ಕೆಂಪು ದೀಪ ಬಿಟ್ಟರೆ ಇನ್ನೊಂದಿಲ್ಲ.

"ಗೆರೆನೇ ಇಲ್ವಲ್ಲಮ್ಮ ನಿನ್ ಬೆರಳಲ್ಲಿ. ಯಂತ್ರ ತಗೊಳ್ದಿದ್ರೆ ನಾನೇನ್ ಮಾಡ್ಲಿ?" ಅಂದ ಸೂಪರ್‌ವೈಸರ್.

"ಅವ್ಳು ನಿನ್ ಕಣ್ಮುಂದೇ ನಿಂತವ್ಳೆ, ಅದು ಸಾಲ್ದಾ?" ಎಂದು ರೇಗಿದೆ.

ಅಕ್ಕ ನನ್ನ ಕೈ ಹಿಡಿದಳು. "ಬುಡಮ್ಮಿ, ನೀನ್ ಓಗು. ಇಬ್ರ ಕೆಲ್ಸನೂ ಓದ್ರೆ ಉಣ್ಣಾದೇನು?"

ನಾನು ಬೆರಳಿಟ್ಟೆ. ಹಸಿರು ದೀಪ ಹೊತ್ತಿತು. ಒಳಗೆ ಹೋಗಿ ತಿರುಗಿ ನೋಡಿದರೆ ಅವಳು ಗೇಟಿನಾಚೆ ನಿಂತು ತನ್ನ ಬೆರಳನ್ನೇ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

ಆಮೇಲೆ ಅವಳು ಕಿರುಗಾವಲಿನ ಕಡೆ ಕಬ್ಬಿನ ಗದ್ದೆಗೆ ಕೂಲಿಗೆ ಹೋದಳು. ಮನೆಯಲ್ಲಿ ಅಕ್ಕಿ ತೊಳೆಯಲು ಕೂತರೆ ನೀರಿನೊಳಗೆ ಅವಳ ಬೆರಳುಗಳು ತಾವಾಗಿಯೇ ಎಳೆ ಹುಡುಕುತ್ತಿದ್ದವು. ಕರೆದರೂ ಓಗೊಡುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು. ಹಾಗೇ ಸವೆದು ಸವೆದು ಒಂದು ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟಳು.

ಇತ್ತೀಚೆಗೆ ಗೇಟಿನಲ್ಲಿ ಬೆರಳಿನ ಯಂತ್ರ ಕಿತ್ತು ಮುಖ ನೋಡುವ ಯಂತ್ರ ಹಾಕಿದ್ದಾರೆ. ಮುಖ ತೋರಿಸಿದರೆ ಸಾಕು. ಇದನ್ನು ಆಗಲೇ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಬೈದುಕೊಂಡೇ ಸಾಲಿನಲ್ಲಿ ನಿಂತೆ. ನನಗೂ ಈಗ ಆವತ್ತಿನ ಅಕ್ಕನ ವಯಸ್ಸು. ಕೂದಲು ನರೆತಿದೆ, ಕೆನ್ನೆ ಇಳಿದಿದೆ. ಬಗ್ಗಿ ನೋಡಿದೆ. ಆ ಪುಟ್ಟ ಗಾಜಿನೊಳಗಿಂದ ನನ್ನತ್ತ ನೋಡುತ್ತಿದ್ದವಳು ಅಕ್ಕ.

ಹಸಿರು ದೀಪ ಹೊತ್ತಿತು. "ಮುಂದುಕ್ ಓಗಕ್ಕ, ಒತ್ತಾಯ್ತದೆ" ಎಂದು ಹಿಂದಿದ್ದವಳು ತಳ್ಳಿದಳು.

ಈಗ ದಿನಾ ಬೆಳಿಗ್ಗೆ ಯಂತ್ರ ಅಕ್ಕನನ್ನು ಒಳಗೆ ಬಿಡುತ್ತದೆ. ಸಂಜೆ ಬಸ್ಸು ಹತ್ತುವವಳು ನಾನೊಬ್ಬಳೇ.