ಮತ್ಸ್ಯಕನ್ಯೆಯನ್ನು ತಂದವರು ಯಾರು

ಹತ್ತು ವರ್ಷದ ಮೇಲಾಯಿತು. ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಪರದೇಶದ ಈ ಊರು, ಇಸ್ಸಾಕ್ವಾದ ನಮ್ಮ ಮನೆಯಲ್ಲಿ ಅವತ್ತು ಸತ್ಯನಾರಾಯಣ ಪೂಜೆ. ಕಥೆ ಓದುವಾಗ ಗಲಾಟೆಯಾಗದಿರಲೆಂದು ಮಕ್ಕಳನ್ನು ಮಹಡಿಯಲ್ಲಿ ಕೂರಿಸಿ ಸಿನಿಮಾ ಹಾಕುವುದು ಇಲ್ಲಿಯ ಕನ್ನಡದ ಮನೆಗಳಲ್ಲೆಲ್ಲ ರೂಢಿ.

ಹಿಂದಿನ ದಿನ ಲೈಬ್ರರಿಯಲ್ಲಿ ನನ್ನ ಎಂಟು ವರ್ಷದ ಮಗಳು ಯಾವುದೋ ನಾಯಿಮರಿಯ ಡಿವಿಡಿ ಹಿಡಿದು ಬಂದಳು. ಅದನ್ನು ಕಿತ್ತು ವಾಪಸ್ ಇಟ್ಟು, ಮತ್ಸ್ಯಕನ್ಯೆಯ ಹಳೆಯ ಜಪಾನಿ ಕಾರ್ಟೂನ್ ಎತ್ತಿಕೊಂಡೆ.

"ಈಸ್ ಇಟ್ ಸ್ಯಾಡ್, ಅಮ್ಮಾ?" ಎಂದಳು.

"ಕಾರ್ಟೂನ್ ಕಣೇ, ಅದರಲ್ಲಿ ಸ್ಯಾಡ್ ಏನ್ ಬಂತು? ನಡಿ, ಇನ್ನೂ ರವೆ ತರಬೇಕು."

ಕೊನೆಗೆ ರಾಜಕುಮಾರನ ಜೊತೆ ಮದುವೆಯಾಗುತ್ತದೆ ಎಂದೇ ನಾನು ತಿಳಿದಿದ್ದೆ. ಜಪಾನಿನವರು ಹಳೆಯ ಕಥೆಯ ದುಃಖದ ಕೊನೆಯನ್ನು ಹಾಗೇ ಇಟ್ಟಿದ್ದಾರೆಂದು ನನಗೇನು ಗೊತ್ತು!

ಕೆಳಗೆ ಮಂಗಳಾರತಿ ಎತ್ತುವಷ್ಟರಲ್ಲಿ ಮೇಲೆ ಮಕ್ಕಳೆಲ್ಲ ಒಟ್ಟಿಗೆ ಅಳತೊಡಗಿದರು. ಓಡಿದೆವು. ರಾಜಕುಮಾರ ಬೇರೆಯವಳನ್ನು ಮದುವೆಯಾಗಿ, ಮತ್ಸ್ಯಕನ್ಯೆ ಸಮುದ್ರಕ್ಕೆ ಹಾರಿ ನೊರೆಯಾಗಿ ಹೋಗಿದ್ದಳು. ನನ್ನ ಗಂಡನ ಮ್ಯಾನೇಜರ್ ಅವರ ಐದು ವರ್ಷದ ಮಗ ಅತ್ತೂ ಅತ್ತೂ ವಾಂತಿ ಮಾಡಿಕೊಂಡಿದ್ದ. ನನ್ನ ಮಗಳು ಟಿಶ್ಯೂ ಹಿಡಿದು ಅವನ ಬಾಯಿ ಒರೆಸುತ್ತಿದ್ದಳು.

"ಯಾರ್ರೀ ಇದನ್ನ ತಂದಿದ್ದು? ಮಕ್ಕಳಿಗೆ ತೋರಿಸೋದಾ ಇದು?" ಎಂದು ಹುಡುಗನ ತಾಯಿ ನನ್ನ ಕಡೆ ತಿರುಗಿದರು.

"ಅಯ್ಯೋ, ನಮ್ಮವಳೇ ಕಣ್ರೀ. ಇದೇ ಬೇಕು ಅಂತ ಹಟ ಮಾಡಿ ತಂದ್ಲು. ಹೇಳಿದ್ರೆ ಎಲ್ಲಿ ಕೇಳ್ತಾಳೆ?" ಎಂದುಬಿಟ್ಟೆ. ನಾಲಿಗೆ ಒಂದಿಷ್ಟು ತಡವರಿಸಲೂ ಇಲ್ಲ, ಹಾಳಾದ್ದು.

ಮಗಳು ನನ್ನನ್ನೇ ನೋಡಿದಳು. ಈಗ ನಿಜ ಹೇಳುತ್ತಾಳೆ, ನನ್ನ ಮಾನ ಹೋಯಿತು ಎಂದುಕೊಂಡೆ. ಹೇಳಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಅವರ ಮುಂದೆ ಹೋಗಿ ನಿಂತು, "ತಪ್ಪಾಯ್ತು ಆಂಟಿ" ಎಂದಳು. ನಾನು ಎಲ್ಲರನ್ನೂ ಊಟಕ್ಕೆ ಕರೆದೆ. ಅಷ್ಟು ನಾಚಿಕೆಗೆಟ್ಟವಳು ನಾನು.

ಮುಂದಿನ ತಿಂಗಳು ಆ ತಾಯಿ ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ನಮ್ಮಿಬ್ಬರನ್ನೂ ಕರೆದರು. ಲಂಗ ತೊಡಿಸಿ ಜಡೆ ಹಾಕಿದ ಮೇಲೆ ಮಗಳು ಬಾಗಿಲ ಹತ್ತಿರ ನಿಂತುಬಿಟ್ಟಳು.

"ಐ ಡೋಂಟ್ ವಾಂಟ್ ಟು ಕಮ್. ಆಂಟಿ ಥಿಂಕ್ಸ್ ಐ ಆ್ಯಮ್ ಬ್ಯಾಡ್."

ಅವಳ ಮುಂದೆ ಕೂತು, "ಅದನ್ನ ತಂದಿದ್ದು ನಾನು ಪುಟ್ಟಾ, ನಿನ್ನ ತಪ್ಪೇನೂ ಇಲ್ಲ" ಎಂದೆ.

"ದೆನ್ ಟೆಲ್ ಆಂಟಿ," ಎಂದಳು.

ಹೇಳ್ತೀನಿ ಎಂದೆ. ಅವಳನ್ನು ಅವಳ ಅಪ್ಪನ ಜೊತೆ ಬಿಟ್ಟು ಒಬ್ಬಳೇ ಹೋದೆ. ಕುಂಕುಮ ಇಡಿಸಿಕೊಂಡೆ, ಕೋಸಂಬರಿ ತಿಂದೆ. "ಮಗಳು ಯಾಕೆ ಬರಲಿಲ್ಲ?" ಎಂದು ಅವರು ಕೇಳಿದರು. ಜ್ವರ ಎಂದೆ.