ಬೆಳಕಿಗೆ ಹಿಡಿದ ನೈಲಾನ್ ಗೇರ್

ಮೊನ್ನೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ತುದಿ ಬಿಚ್ಚಿಕೊಂಡಿತೆಂದು ಬೆಂಕಿಕಡ್ಡಿ ಗೀರಿ ಸುಡುತ್ತಿದ್ದೆ. ಸುಟ್ಟ ಕೂದಲಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪೀಣ್ಯದ ಆ ಶೆಡ್ಡು, ಆ ಮೇಸ್ತ್ರಿ... ಕೈ ಅಲ್ಲೇ ನಿಂತಿತು.

ಎಪ್ಪತ್ತರ ದಶಕದ ಕೊನೆ. ನೈಲಾನ್ ಕರಗಿಸಿ, ಅಚ್ಚಿಗೆ ಒತ್ತಿ, ಮಗ್ಗಗಳಿಗೆ ಗೇರ್ ಮಾಡುತ್ತಿದ್ದೆವು. ಇಡೀ ಪೀಣ್ಯದಲ್ಲಿ ನನ್ನಷ್ಟು ಚುರುಕಾದ ಆಪರೇಟರ್ ಇರಲಿಲ್ಲ. ನನ್ನಂಥ ತರಲೆಯೂ ಇರಲಿಲ್ಲ. ಮೇಸ್ತ್ರಿಯ ಅನ್ನಕ್ಕೆ, ಕರಗಿಸಲು ತಂದ ಅಕ್ಕಿಯಂಥ ನೈಲಾನ್ ಕಾಳು ಬೆರೆಸಿ, ಅಕ್ಕಿ ಬೆಂದಿಲ್ಲ ಅನ್ನಿಸಿದವನು ನಾನೇ. ಅವರು ಬೈಯಲಿಲ್ಲ. ಕಾಳು ಉಗುಳಿ ಊಟ ಮುಂದುವರಿಸಿದರು.

ಅವರದು ಒಂದೇ ಹಟ: ಅಚ್ಚು ಬಿಸಿಯಾಗಿರಬೇಕು. ಅದರ ಸುತ್ತ ಕಾದ ನೀರನ್ನೇ ಹರಿಸುತ್ತಿದ್ದರು. ಒಂದೊಂದು ಗೇರ್ ಗಟ್ಟಿಯಾಗುವಷ್ಟರಲ್ಲಿ ನನಗೆ ಆಕಳಿಕೆ.

"ನೈಲಾನ್ ಒಳಗಿರೋ ಎಳೆಗಳು ಸಾಲಾಗಿ ನಿಲ್ಲಕ್ಕೆ ಟೈಮ್ ಕೊಡ್ಬೇಕು ಕಣೋ. ಸಾಲಾದ್ರೆ ಹಾಲಿನ ಬಣ್ಣ, ಗಟ್ಟಿ, ಬೇಗ ಸವೆಯಲ್ಲ. ದಿಢೀರ್ ತಣ್ಣಗ್ ಮಾಡಿದ್ಯೋ, ಎಂಗಂದ್ರಂಗೆ ನಿಂತ್ಬಿಡ್ತಾವೆ."

"ಶಿಫ್ಟ್ ಬಿಟ್ಟಾಗ ನಮ್ಮೋರು ಬಸ್ಸಿಗೆ ನುಗ್ಗಂಗಾ, ಮೇಸ್ತ್ರಿ?"

"ಅಂಗೇ. ಬೆಳಕಿಗೆ ಹಿಡಿ. ಗಾಜಿನಂಗೆ ಕಂಡ್ರೆ ಬಿಸಾಕು."

ಬೆಳಕಿಗೆ ಹಿಡಿಯುವ ಕೆಲಸ ನನಗೇ ಕೊಟ್ಟಿದ್ದರು. ಅವರ ಕಣ್ಣು ಮಂಜಾಗುತ್ತಿರುವುದು ನನಗೊಬ್ಬನಿಗೇ ಗೊತ್ತಿತ್ತು.

ಆಗಲೇ ಒಮ್ಮೆ ಮಾಲು ವಾಪಸಾಗಿತ್ತು. ಇನ್ನೊಮ್ಮೆ ಬಂದರೆ ಮೇಸ್ತ್ರಿ ಗೇಟಿನಾಚೆ ಎಂದು ಮಾಲೀಕರು ಎಲ್ಲರೆದುರೇ ಹೇಳಿದ್ದರು. ಆ ವಯಸ್ಸಿನಲ್ಲಿ, ಆ ಕಣ್ಣಿಗೆ ಬೇರೆ ಯಾರು ಕೆಲಸ ಕೊಡುತ್ತಿದ್ದರು?

ಅವರು ಆಸ್ಪತ್ರೆಗೆ ಕಣ್ಣು ತೋರಿಸಲು ಹೋದ ದಿನ ನಾನು ಅಚ್ಚಿಗೆ ಹರಿಯುವ ನೀರಿನ ತೊಟ್ಟಿಗೆ ಐಸ್ ಗಡ್ಡೆ ಸುರಿದೆ. ಗೇರುಗಳು ಪಟಪಟನೆ ಉದುರಿದವು. ಸಂಜೆ ಅವರು ಬಂದಾಗ ಎರಡರಷ್ಟು ಮಾಲು.

"ಏನ್ ಮಾಯ ಮಾಡ್ದೋ?"

"ನನ್ ಕೈಚಳಕ, ಮೇಸ್ತ್ರಿ."

"ಬೆಳಕಿಗೆ ಹಿಡಿದ್ಯಾ?"

ಹಿಡಿದಿದ್ದೆ. ಗೇರಿನ ಹಲ್ಲಿನ ಮೂಲಕ ಕಿಟಕಿ ಸರಳಿನ ನೆರಳು ಕಂಡಿತ್ತು. "ಹಾಲು, ಮೇಸ್ತ್ರಿ," ಎಂದೆ. ಬೆಳಗ್ಗೆ ನಿಜ ಹೇಳಿ ಅವರ ಮುಖ ನೋಡೋಣ ಅಂದುಕೊಂಡಿದ್ದೆ. ಬೆಳಗ್ಗೆ ಬರುವಷ್ಟರಲ್ಲಿ ಲಾರಿ ಹೋಗಿತ್ತು...

ತಿಂಗಳು ಕಳೆಯುವಷ್ಟರಲ್ಲಿ ಗೇರಿನ ಮೂಟೆಗಳು ಮರಳಿದವು. ಮಗ್ಗದ ಬಿಸಿಗೆ ಎಳೆಗಳು ಆಗ ಸಾಲಾಗಲು ಹೊರಟು ಗೇರುಗಳು ಕುಗ್ಗಿದ್ದವು. ಹಲ್ಲು ಸವೆದಿದ್ದವು.

"ಇನ್ನೊಂದು ವಾರ ಕೊಡಿ ಸ್ವಾಮಿ, ಅಷ್ಟೂ ನಾನೇ ಮಾಡ್ಕೊಡ್ತೀನಿ," ಎಂದು ಮೇಸ್ತ್ರಿ ಮಾಲೀಕರಿಗೆ ಕೈಮುಗಿದರು. ಮಾಲೀಕರು ಗೇಟಿನತ್ತ ಬೆರಳು ತೋರಿಸಿದರು. ಮೇಸ್ತ್ರಿ ಒಂದು ಗೇರ್ ಎತ್ತಿ ನನ್ನತ್ತ ಚಾಚಿದರು.

"ಅವತ್ತು ಸರಿಯಾಗ್ ನೋಡಿದ್ಯೇನಪ್ಪಾ?"

ಊರನ್ನೇ ನಗಿಸುತ್ತಿದ್ದ ನನ್ನ ನಾಲಿಗೆ... "ಹಾಲೇ ಇತ್ತು, ಮೇಸ್ತ್ರಿ," ಎಂದಿತು.

"ಅಂಗಾದ್ರೆ ತಪ್ಪು ನಂದೇ," ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಗೇಟಿನ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದರು. ವಾರ ಕಳೆದು, ಧೈರ್ಯ ಮಾಡಿ, ದಾಸರಹಳ್ಳಿಯ ಅವರ ಬಾಡಿಗೆ ಮನೆಗೆ ಹೋದೆ. ಬೀಗ. ಎಲ್ಲಿಗೆ ಹೋದರೋ ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ.

ಕೈಲಿದ್ದ ಹಗ್ಗದ ತುದಿಯಲ್ಲಿ ಕರಗಿದ ಹನಿ ಇನ್ನೂ ಗಾಜಿನಂತಿತ್ತು. ಊದಲು ಹೋದವನು ಬಾಯಿ ಮುಚ್ಚಿಕೊಂಡೆ. ಅದು ತಾನಾಗಿ ಹಾಲಿನ ಬಣ್ಣಕ್ಕೆ ತಿರುಗುವವರೆಗೆ ಕಾದು, ಬೆಳಕಿಗೆ ಹಿಡಿದು ನೋಡಿದೆ. ಸರಿಯಾಗಿತ್ತು. ಹೇಳಲು ಅವರಿರಲಿಲ್ಲ.